ಸಿಲ್ಕ್ ಕಾಗದದ ಹಳೇ ಫೋಟೋ: ಮುಖದ ಮೇಲಿನ ಚುಕ್ಕಿ ತೆಗೆಯುವುದು ಹೇಗೆ?

ನಮ್ಮ ದೊಡ್ಡಮ್ಮನ ಮದುವೆ ಆಲ್ಬಂ 1980ರ ದಶಕದ್ದು. ಕಪ್ಪು ಹಾಳೆ, ನಡುವೆ ಬಟರ್ ಪೇಪರ್. ಫೋಟೋಗಳೆಲ್ಲ ಸಿಲ್ಕ್ ಕಾಗದದವು. ಬೆರಳಾಡಿಸಿದರೆ ಸಣ್ಣ ಸಣ್ಣ ಉಬ್ಬು ಸಿಗುತ್ತದೆ. ಮುಟ್ಟಿದರೂ ಬೆರಳಿನ ಗುರುತು ಎದ್ದು ಕಾಣುವುದಿಲ್ಲ, ಆಗ ಈ ಕಾಗದ ಎಲ್ಲರಿಗೂ ಇಷ್ಟವಾಗಿತ್ತು. ಕೈಯಲ್ಲಿ ಹಿಡಿದು ನೋಡಿದರೆ ಈಗಲೂ ಚೆಂದ. ಸ್ಕ್ಯಾನ್ ಮಾಡಿದಾಗ ಮಾತ್ರ ಮುಖದ ತುಂಬ ಜೇನುಗೂಡು!

ಮೊದಲು ಒಂದು ಅಂಗಡಿಗೆ ಕೊಟ್ಟು ಸರಿಮಾಡಿಸಿದೆ. ಚುಕ್ಕಿಗಳು ಹೋಗಿದ್ದವು. ಅವುಗಳ ಜೊತೆ ಗಲ್ಲದ ಮಚ್ಚೆಯೂ ಹೋಗಿತ್ತು, ಮೂಗುಬೊಟ್ಟಿನ ಹರಳೂ ಹೋಗಿತ್ತು. ಇಡೀ ಫೋಟೋ ಬ್ಲರ್ ಮಾಡಿ, ಆಮೇಲೆ ಶಾರ್ಪ್ ಮಾಡಿದ್ದರು. ದೊಡ್ಡಮ್ಮ ನೋಡಿ, ‘ಇದು ನಾನಲ್ಲ ಕಣೋ’ ಅಂದರು. ಆ ಮಾತು ಮನಸ್ಸಿಗೆ ನಾಟಿತು. ಆಮೇಲೆ ನಾನೇ ಕೂತು ಕಲಿತೆ. ಬ್ಲರ್ ಮಾಡದೆಯೂ ಈ ಚುಕ್ಕಿ ತೆಗೆಯಬಹುದು. ಬೇಕಾದ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಒಂದು ಸಂಜೆ ಬಿಡುವು ಮಾಡಿಕೊಂಡರೆ ಸಾಕು.

ಚುಕ್ಕಿ ಬರುವುದು ಯಾಕೆ?

ಸ್ಕ್ಯಾನರಿನ ದೀಪ ಒಂದೇ ಕಡೆಯಿಂದ ಓರೆಯಾಗಿ ಬೆಳಕು ಬೀರುತ್ತದೆ. ಪ್ರತಿ ಉಬ್ಬಿನ ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಗ್ಗುಲಿಗೆ ನೆರಳು ಬೀಳುತ್ತದೆ. ಸಂಜೆ ಬಿಸಿಲಲ್ಲಿ ಉತ್ತ ಹೊಲ ಕಂಡ ಹಾಗೆ. ಅಂದರೆ ಚುಕ್ಕಿ ಇರುವುದು ಚಿತ್ರದಲ್ಲಿ ಅಲ್ಲ, ಬೆಳಕಿನಲ್ಲಿ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಸ್ಕ್ಯಾನ್ ಮಾಡುವಾಗ

ಫೋಟೋ ಮೇಲಿನ ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಬಟ್ಟೆ ಬೇಡವೇ ಬೇಡ. ಬೂಷ್ಟು ಹಿಡಿದಿದ್ದರೆ ಉಜ್ಜಬೇಡಿ, ಬಣ್ಣದ ಪದರವೇ ಕಿತ್ತು ಬರಬಹುದು. ಕಟ್ಟಿನ ಗಾಜಿಗೆ ಫೋಟೋ ಅಂಟಿಕೊಂಡಿದ್ದರೆ ಬಿಡಿಸಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಸ್ಕ್ಯಾನರಿನ ಸೆಟ್ಟಿಂಗ್‌ನಲ್ಲಿ 600 ಡಿಪಿಐ ಇಡಿ, ಅಂದರೆ ಇಂಚಿಗೆ 600 ಪಿಕ್ಸೆಲ್. 4x6 ಇಂಚಿನ ಫೋಟೋ ಆಗ 2400x3600 ಪಿಕ್ಸೆಲ್ ಆಗುತ್ತದೆ. ಕಡಿಮೆ ಇಟ್ಟರೆ ಒಂದೊಂದು ಉಬ್ಬು ಸ್ಪಷ್ಟವಾಗಿ ಮೂಡುವುದಿಲ್ಲ, ಮುಂದೆ ತೆಗೆಯಲು ಕಷ್ಟ. ಚುಕ್ಕಿ ತೆಗೆಯಬೇಕಾದರೆ ಮೊದಲು ಚುಕ್ಕಿ ಚೆನ್ನಾಗಿ ಕಾಣಬೇಕು. ಆಟೋ ಕಲರ್, ಶಾರ್ಪನ್, ಡಿಸ್ಕ್ರೀನ್ ಎಲ್ಲ ಆಫ್ ಮಾಡಿ. ಡಿಸ್ಕ್ರೀನ್ ಇರುವುದು ಪತ್ರಿಕೆಯಲ್ಲಿ ಅಚ್ಚಾದ ಚಿತ್ರಗಳಿಗೆ, ನಮ್ಮ ಫೋಟೋಗಲ್ಲ. ಫೈಲನ್ನು ಜೆಪೆಗ್ ಬದಲು ಟಿಫ್ ಆಗಿ ಉಳಿಸಿ.

ಒಂದು ಸಲ ಸ್ಕ್ಯಾನ್ ಆದ ಮೇಲೆ ಫೋಟೋವನ್ನು ತಲೆಕೆಳಗಾಗಿ ತಿರುಗಿಸಿಟ್ಟು ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಸಲ ಸ್ಕ್ಯಾನ್ ಮಾಡಿ. ಮೊದಲ ಸಲ ಹೊಳೆದಿದ್ದ ಮಗ್ಗುಲಿಗೆ ಈಗ ನೆರಳು, ನೆರಳಿದ್ದ ಕಡೆ ಈಗ ಹೊಳಪು. ಮುಖ ಮಾತ್ರ ಎರಡರಲ್ಲೂ ಒಂದೇ, ಅಲ್ವಾ?

ಎರಡನ್ನೂ ಒಂದು ಮಾಡುವುದು

ಗಿಂಪ್ ಎಂಬ ಫೋಟೋ ತಿದ್ದುವ ಉಚಿತ ತಂತ್ರಾಂಶ ತೆರೆದು ಎರಡು ಸ್ಕ್ಯಾನ್‌ಗಳನ್ನೂ ಒಂದರ ಮೇಲೊಂದು ಲೇಯರ್ ಆಗಿ ಹಾಕಿ. ತಲೆಕೆಳಗಾದದ್ದನ್ನು 180 ಡಿಗ್ರಿ ತಿರುಗಿಸಿ ನೆಟ್ಟಗೆ ಮಾಡಿ. ಮೇಲಿನ ಲೇಯರಿನ ಮೋಡ್ ಅನ್ನು ‘ಡಿಫರೆನ್ಸ್’ ಮಾಡಿದರೆ ಎರಡರ ನಡುವಿನ ವ್ಯತ್ಯಾಸ ಮಾತ್ರ ಕಾಣುತ್ತದೆ. ಈಗ ಬಾಣದ ಕೀ ಒತ್ತುತ್ತಾ ಒಂದೊಂದೇ ಪಿಕ್ಸೆಲ್ ಸರಿಸಿ. ಸ್ವಲ್ಪ ಓರೆ ಇದ್ದರೆ ತಿರುಗಿಸಿ ಸರಿಮಾಡಿ. ಎರಡೂ ಸರಿಯಾಗಿ ಕೂತಾಗ ಪರದೆ ಬಹುತೇಕ ಕಪ್ಪಾಗುತ್ತದೆ. ಕಣ್ಣು, ತುಟಿಯ ಗೆರೆ ಇನ್ನೂ ಕಾಣುತ್ತಿದ್ದರೆ ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ. ಇಲ್ಲಿ ಅವಸರ ಮಾಡಬೇಡಿ. ಆಮೇಲೆ ಮೋಡ್ ಅನ್ನು ನಾರ್ಮಲ್‌ಗೆ ತಂದು, ಮೇಲಿನ ಲೇಯರಿನ ಒಪಾಸಿಟಿ 50 ಇಡಿ.

ಹೊಳಪು, ನೆರಳು ಒಂದನ್ನೊಂದು ಕಳೆದುಕೊಂಡು ಜೇನುಗೂಡು ತೆಳುವಾಗುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನನಗೆ ಆದ ಖುಷಿ ಹೇಳತೀರದು. ಕೆಲವು ಫೋಟೋಗಳಿಗೆ ಇಷ್ಟೇ ಸಾಕಾಗುತ್ತದೆ.

ಉಳಿದ ಚುಕ್ಕಿಗೆ ಎಫ್‌ಎಫ್‌ಟಿ

ಹಳೇ ಕ್ಯಾಸೆಟ್‌ನಲ್ಲಿ ಹಾಡಿನ ಹಿಂದೆ ಫ್ಯಾನಿನ ಗುಂಯ್ ಸದ್ದು ಕೇಳಿಸುತ್ತದೆ ಅಂದುಕೊಳ್ಳಿ. ಹಾಡು ಏರಿಳಿಯುತ್ತದೆ, ಗುಂಯ್ ಮಾತ್ರ ಒಂದೇ ಶ್ರುತಿಯಲ್ಲಿರುತ್ತದೆ. ಆ ಶ್ರುತಿಯನ್ನಷ್ಟೇ ಆರಿಸಿ ತೆಗೆದರೆ ಹಾಡು ಉಳಿಯುತ್ತದೆ. ಕಾಗದದ ಉಬ್ಬುಗಳೂ ಹಾಗೆಯೇ, ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಮನುಷ್ಯರ ಮುಖ ಹಾಗಿರುವುದಿಲ್ಲ. ಹೀಗೆ ಸಂಕೇತವನ್ನು (ಸಿಗ್ನಲ್) ಅಲೆಗಳಾಗಿ ಬಿಡಿಸುವ ದಾರಿಯನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೊರಿಯರ್ 1807ರಲ್ಲಿ ಮುಂದಿಟ್ಟರು. ಅವರು ಆಗ ಯೋಚಿಸುತ್ತಿದ್ದದ್ದು ಶಾಖ ಹೇಗೆ ಹರಡುತ್ತದೆ ಎಂದು. ಈ ಲೆಕ್ಕವನ್ನು ಕಂಪ್ಯೂಟರ್ ಬೇಗ ಮಾಡುವಂಥ ‘ಫಾಸ್ಟ್ ಫೊರಿಯರ್ ಟ್ರಾನ್ಸ್‌ಫಾರ್ಮ್’ ವಿಧಾನವನ್ನು ಗಣಿತಜ್ಞರಾದ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ 1965ರಲ್ಲಿ ಪ್ರಕಟಿಸಿದರು. ಅದೇ ಎಫ್‌ಎಫ್‌ಟಿ.

ಇದಕ್ಕೆ ನಾನು ಬಳಸುವುದು ಇಮೇಜ್‌ಜೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹುಟ್ಟಿದ ಉಚಿತ ತಂತ್ರಾಂಶ ಇದು. ಮೈಕ್ರೋಸ್ಕೋಪಿನ ಚಿತ್ರ ನೋಡುವವರು ಜಾಸ್ತಿ ಬಳಸುತ್ತಾರೆ.

ಮೊದಲು ಗಿಂಪ್‌ನಲ್ಲಿ ಒಂದು ಮಾಡಿದ ಫೋಟೋದ ಬಿಳಿ ಅಂಚನ್ನು ಕತ್ತರಿಸಿ, ಟಿಫ್ ಆಗಿ ಉಳಿಸಿ. ಇಮೇಜ್‌ಜೆಯಲ್ಲಿ ತೆರೆದು, ಇಮೇಜ್ ಮೆನುವಿನ ಕಲರ್ ಒಳಗೆ ‘ಸ್ಪ್ಲಿಟ್ ಚಾನೆಲ್ಸ್’ ಒತ್ತಿ. ಕೆಂಪು, ಹಸಿರು, ನೀಲಿ ಮೂರು ಚಿತ್ರಗಳಾಗುತ್ತವೆ. ಒಂದನ್ನು ಆರಿಸಿ, ಪ್ರೋಸೆಸ್ ಮೆನುವಿನಿಂದ ಎಫ್‌ಎಫ್‌ಟಿ ಕೊಡಿ. ಕಪ್ಪು ಬಾನಿನಲ್ಲಿ ನಕ್ಷತ್ರಗಳಿದ್ದಂತೆ ಒಂದು ಚಿತ್ರ ಬರುತ್ತದೆ. ನಡುವೆ ದೊಡ್ಡ ಬೆಳಕು. ಅದೇ ನಿಮ್ಮ ಫೋಟೋ, ಅದನ್ನು ಮುಟ್ಟಬೇಡಿ. ಅದರ ಸುತ್ತ ಆರು ಮೂಲೆಗಳಲ್ಲಿ ಆರು ಚೂಪಾದ ಚುಕ್ಕೆ ಕಾಣುತ್ತವೆ. ಇನ್ನೂ ಆಚೆ ಮತ್ತಷ್ಟು ಇರಬಹುದು. ಅವೇ ಕಾಗದದ ಉಬ್ಬು.

ಒಂದೊಂದು ಚುಕ್ಕೆಗೂ ಸಣ್ಣ ವೃತ್ತ ಎಳೆದು ಅಪ್ಪಟ ಕಪ್ಪು ತುಂಬಿ. ಒಂದು ಚುಕ್ಕೆ ಮುಚ್ಚಿದರೆ ನಡುಬಿಂದುವಿನ ಆಚೆ ಬದಿಯ ಅದರ ಜೋಡಿಯನ್ನೂ ಮುಚ್ಚಿ. ಆಮೇಲೆ ‘ಇನ್ವರ್ಸ್ ಎಫ್‌ಎಫ್‌ಟಿ’ ಒತ್ತಿದರೆ ಚಿತ್ರ ವಾಪಸ್ ಬರುತ್ತದೆ, ಜೇನುಗೂಡು ಇಲ್ಲದೆ. ಮೂರೂ ಚಾನೆಲ್‌ಗೆ ಹೀಗೆ ಮಾಡಿ ‘ಮರ್ಜ್ ಚಾನೆಲ್ಸ್’ ಕೊಟ್ಟರೆ ಬಣ್ಣದ ಫೋಟೋ ಸಿಗುತ್ತದೆ.

ಒಂದು ಎಚ್ಚರಿಕೆ. ವೃತ್ತ ಜಾಸ್ತಿ ದೊಡ್ಡದಾದರೆ ಜರಿ ಅಂಚು, ಕನ್ನಡಕದಂಥ ಗಟ್ಟಿ ಗೆರೆಗಳ ಪಕ್ಕ ನೀರಿನ ಅಲೆಯಂತೆ ಗೆರೆ ಏಳುತ್ತವೆ. ಆಗ ಹಿಂದೆ ಹೋಗಿ ವೃತ್ತ ಚಿಕ್ಕದು ಮಾಡಿ. ಇನ್ನೊಂದು, ಚೌಕಳಿ ಸೀರೆ, ಖಣದ ಕುಪ್ಪಸ, ಕಿಟಕಿ ಸರಳು ಇವೂ ಒಂದೇ ಅಳತೆಯ ವಿನ್ಯಾಸಗಳೇ. ಅವೂ ಈ ಚಿತ್ರದಲ್ಲಿ ಬೆಳಕಾಗಿ ಕಾಣುತ್ತವೆ. ಗುರುತಿಸುವುದು ಹೇಗೆ? ಸೀರೆಯ ಚೌಕಳಿ ಫೋಟೋದ ಒಂದು ಭಾಗದಲ್ಲಷ್ಟೇ ಇರುತ್ತದೆ, ನೆರಿಗೆಯಲ್ಲಿ ಬಾಗಿರುತ್ತದೆ. ಅದಕ್ಕೇ ಅದರ ಬೆಳಕು ಹರಡಿಕೊಂಡು ಮಂಜಾಗಿರುತ್ತದೆ. ಕಾಗದದ ಉಬ್ಬು ಮೂಲೆಯಿಂದ ಮೂಲೆಗೂ ಒಂದೇ ಸಮ, ಅದರ ಚುಕ್ಕೆ ಸೂಜಿ ಮೊನೆಯಷ್ಟು ಚೂಪು. ಚೂಪಾಗಿರುವುದನ್ನು ಮಾತ್ರ ಮುಚ್ಚಿ. ದೊಡ್ಡಮ್ಮನ ಇಳಕಲ್ ಸೀರೆಯ ಒಂದು ಎಳೆಯೂ ಹೋಗದಂತೆ ಉಳಿದದ್ದು ಹೀಗೆ.

ಆಮೇಲೆ ಉಳಿದದ್ದು

ಗೀರು, ಬಿರುಕು, ಬಿಳಿ ಕಲೆಗಳನ್ನು ಗಿಂಪ್‌ನ ಹೀಲ್ ಉಪಕರಣದಿಂದ ತೆಗೆಯಿರಿ. ಇದನ್ನು ಮೊದಲೇ ಮಾಡಿದರೆ ಜೇನುಗೂಡಿನ ಸಾಲು ಅಲ್ಲಲ್ಲಿ ಮುರಿದು, ಎಫ್‌ಎಫ್‌ಟಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಳೇ ಕಲರ್ ಫೋಟೋಗಳು ಸಾಮಾನ್ಯವಾಗಿ ಕೆಂಪಗಾಗಿರುತ್ತವೆ, ಅದರ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಮಾಸಿರುವುದೇ ಕಾರಣ. ‘ಲೆವೆಲ್ಸ್’ನಲ್ಲಿ ಮೂರೂ ಬಣ್ಣಗಳನ್ನು ಬೇರೆ ಬೇರೆಯಾಗಿ ಹೊಂದಿಸಿದರೆ ಬಹಳಷ್ಟು ಸರಿಹೋಗುತ್ತದೆ. ಬಿಳಿ ಪಂಚೆ ಬಿಳಿಯಾಗಿ ಕಾಣುವವರೆಗೆ ಹೊಂದಿಸುವುದು ನನ್ನ ಅಳತೆ.

ಒಂದೇ ಕ್ಲಿಕ್ಕಿಗೆ ಮುಖ ಹೊಳೆಯುವಂತೆ ಮಾಡುವ ಎಐ ಆ್ಯಪ್‌ಗಳಿವೆ. ಮುಖದ ಮಟ್ಟಿಗೆ ನನಗೆ ಅವು ಬೇಡ. ಕಾಣದ ಕಡೆ ಅವು ತಾವೇ ಊಹಿಸಿ ಕಣ್ಣು, ಹಲ್ಲು, ಚರ್ಮ ಬರೆಯುತ್ತವೆ. ಫೋಟೋ ಚೆಂದ ಕಾಣಬಹುದು, ಆದರೆ ಅಲ್ಲಿರುವುದು ನಮ್ಮ ಮನೆಯವರ ಮುಖವಲ್ಲ.

ಸ್ಕ್ಯಾನರ್ ಇಲ್ಲದವರು ಮೋಡ ಕವಿದ ದಿನ ವರಾಂಡದಲ್ಲಿ ಫೋಟೋ ಇಟ್ಟು, ನೇರ ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಬಹುದು. ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಉಬ್ಬು ಕಡಿಮೆ ಕಾಣುತ್ತದೆ.

ಮೊದಲ ಎರಡು ಸ್ಕ್ಯಾನ್‌ಗಳನ್ನು ಹಾಗೇ ಬೇರೆ ಫೋಲ್ಡರ್‌ನಲ್ಲಿಡಿ, ಅವುಗಳ ಮೇಲೆ ಏನೂ ಉಳಿಸಬೇಡಿ. ಸರಿಮಾಡಿದ ಫೋಟೋ ಪ್ರಿಂಟ್ ಹಾಕಿಸುವಾಗ ಲ್ಯಾಬಿನವರು ಗ್ಲಾಸಿಯೋ, ಮ್ಯಾಟೋ, ಸಿಲ್ಕೋ ಅಂತ ಕೇಳಿದರೆ ಮ್ಯಾಟ್ ಎನ್ನಿ. ಮುಂದೆ ಯಾರಾದರೂ ಅದನ್ನು ಮತ್ತೆ ಸ್ಕ್ಯಾನ್ ಮಾಡಬೇಕಾಗಬಹುದು.