ಬರೆ ಕಡಿಯುವ ಮುಂಚೆ ಅಟ್ಟ ಹತ್ತಿ ನೋಡಿ: ಇರುವ ಮನೆಯಲ್ಲೇ ಜಾಗ ಮಾಡುವುದು ಹೇಗೆ?

ಮಕ್ಕಳು ಬೆಳೆದರು, ಮನೆಗೆ ಸೊಸೆ ಬಂದಳು, ಒಂದು ಕೋಣೆಯನ್ನು ಹೋಂಸ್ಟೇಗೆ ಬಿಡೋಣ ಅನಿಸಿತು. ಆಗ ಕೊಡಗಿನಲ್ಲಿ ನಮಗೆ ಮೊದಲು ಹೊಳೆಯುವುದು, ಮನೆ ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಜೆಸಿಬಿಯಲ್ಲಿ ಸ್ವಲ್ಪ ಕಡಿದು ಒಂದು ರೂಮು ಕಟ್ಟೋಣ ಎನ್ನುವುದು. ದಯವಿಟ್ಟು ಆ ಯೋಚನೆಯನ್ನು ಬದಿಗಿಡಿ. 2018ರ ಆಗಸ್ಟ್ ಮಳೆಯಲ್ಲಿ ಕುಸಿದ ಜಾಗಗಳನ್ನು ನೋಡಿದ ಭೂವಿಜ್ಞಾನಿಗಳು, ಮನೆಗೆ, ರಸ್ತೆಗೆ ಎಂದು ಗುಡ್ಡವನ್ನು ನೇರಕ್ಕೆ ಕಡಿದದ್ದೂ ಒಂದು ದೊಡ್ಡ ಕಾರಣ ಎಂದಿದ್ದಾರೆ. ಬುಡ ಕಡಿದ ಇಳಿಜಾರಿಗೆ ಆಸರೆ ಇರುವುದಿಲ್ಲ. ನೀರು ಕುಡಿದ ಮಣ್ಣು ಭಾರವಾಗಿ ಜಾರುತ್ತದೆ. ಬೇಕಾದ ಜಾಗ ಎಷ್ಟೋ ಸಲ ಸೂರಿನ ಕೆಳಗೇ ಇರುತ್ತದೆ.

ಮಳೆಗಾಲದಲ್ಲಿ ನೋಡಿ, ಬೇಸಿಗೆಯಲ್ಲಿ ಮಾಡಿ

ಏಪ್ರಿಲ್‌ನಲ್ಲಿ ನೋಡಿದರೆ ಎಲ್ಲ ಮನೆಯೂ ಚೆನ್ನಾಗೇ ಕಾಣುತ್ತದೆ. ಜುಲೈನಲ್ಲಿ ಒಂದು ವಾರ ಗಮನವಿಟ್ಟು ನೋಡಿ. ಒದ್ದೆ ಕೊಡೆ, ಗಂಬೂಟು ಎಲ್ಲಿ ಬೀಳುತ್ತವೆ? ಬಟ್ಟೆ ಎಲ್ಲಿ ಒಣಗುತ್ತದೆ? ಯಾವ ಗೋಡೆಗೆ ಬೂಷ್ಟು ಹಿಡಿಯುತ್ತದೆ? ನೀರು ತೊಟ್ಟಿಕ್ಕುವ ಕಡೆ ಪಕಾಸಿಗೆ (ಹೆಂಚು ಹೊರುವ ಓರೆ ಮರಕ್ಕೆ) ಬಣ್ಣದಲ್ಲಿ ಗುರುತು ಹಾಕಿಬಿಡಿ. ಬಿಸಿಲು ಬಂದ ಮೇಲೆ ಅದು ಎಲ್ಲಿ ಅಂತ ಯಾರಿಗೂ ನೆನಪಿರುವುದಿಲ್ಲ. ಹನಿ ಬೀಳುವ ಜಾಗದ ನೇರಕ್ಕೇ ಹೆಂಚು ಒಡೆದಿರುತ್ತದೆ ಎಂದೇನಿಲ್ಲ, ನೀರು ಮೇಲಿನಿಂದ ಹರಿದು ಬಂದಿರಬಹುದು.

ಆಮೇಲೆ ಪ್ರತಿ ಕೋಣೆಯ ಅಳತೆ ತೆಗೆದು ಒಂದು ಹಾಳೆಯಲ್ಲಿ ನಕ್ಷೆ ಬರೆಯಿರಿ. ವರ್ಷದಿಂದ ಯಾರೂ ಮುಟ್ಟದ ಸಾಮಾನು ಇರುವ ಕಡೆ ಗೀಟು ಎಳೆಯಿರಿ. ಗೀಟು ಬಿದ್ದ ಜಾಗವೆಲ್ಲ ಸೇರಿದರೆ ಒಂದು ರೂಮಿನಷ್ಟಾದರೂ ಅಚ್ಚರಿಯಿಲ್ಲ.

ಅಟ್ಟಕ್ಕೆ ಜೀವ ಕೊಡಿ

ಹೆಂಚಿನ ಮನೆಯಲ್ಲಿ ದೊಡ್ಡ ಆಸ್ತಿ ಅಟ್ಟವೇ. ಆದರೆ ಅಲ್ಲಿ ಏನಿರುತ್ತದೆ? ಖಾಲಿ ಗೋಣಿಚೀಲ, ಮುರಿದ ಕುರ್ಚಿ, ತಾತನ ಕಾಲದ ಟ್ರಂಕು. ಮೊದಲು ಎಲ್ಲ ಕೆಳಗಿಳಿಸಿ. ತೊಲೆ, ಹಲಗೆಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಗಟ್ಟಿಯಿದ್ದರೆ ತುದಿ ಒಳಗೆ ಹೋಗುವುದಿಲ್ಲ. ಮೆತ್ತಗೆ ಇಳಿದು ಪುಡಿ ಉದುರಿದರೆ ಗೆದ್ದಲೋ ಹುಳವೋ ಹಿಡಿದಿದೆ ಎಂದರ್ಥ. ತೊಲೆಯ ತುದಿ ಗೋಡೆಯೊಳಗೆ ಸೇರುವ ಕಡೆ ತಪ್ಪದೆ ಚುಚ್ಚಿ. ಥಂಡಿ ಕೂರುವುದು ಅಲ್ಲೇ.

ಭಾರದ ಲೆಕ್ಕವೂ ಬೇಕು. 50 ಕೆ.ಜಿ.ಯ 20 ಕಾಫಿ ಚೀಲ ಎಂದರೆ ಒಂದು ಟನ್. ಅಟ್ಟವನ್ನು ಮಲಗುವ ಕೋಣೆ ಮಾಡುವುದಾದರೆ ಚೀಲಗಳನ್ನು ಅಲ್ಲಿಡಬೇಡಿ. ತೊಲೆ ಎಷ್ಟು ತಡೆಯುತ್ತದೆ ಎಂದು ಎಂಜಿನಿಯರ್‌ಗೆ ಒಮ್ಮೆ ತೋರಿಸಿ. ಆ ಫೀಸು ದಂಡವಲ್ಲ.

ಮಾಡಿನ (ಇಳಿಜಾರು ಚಾವಣಿಯ) ನಡುವೆ ನೆಟ್ಟಗೆ ನಿಲ್ಲುವ ಜಾಗ ಓಡಾಡಲು. ಸೂರು ತಗ್ಗುವ ಎರಡೂ ಬದಿಯಲ್ಲಿ ಹಾಸಿಗೆ, ಕಪಾಟು, ಓದುವ ಮೇಜು. ಮಧ್ಯೆ ಎರಡು ಗಾಜಿನ ಹೆಂಚು ಕೂರಿಸಿದರೆ ಹಗಲು ದೀಪ ಬೇಡ. ಹೆಂಚಿನ ಕೆಳಗೆ ಹಲಗೆ ಹೊಡೆಸುವುದಾದರೆ ನಡುವೆ ಗಾಳಿಯಾಡಲು ಸಂದು ಬಿಡಿಸಿ. ಇಲ್ಲವಾದರೆ ಬೇಸಿಗೆಯಲ್ಲಿ ಸೆಕೆ, ಮಳೆಯಲ್ಲಿ ಹಲಗೆಗೇ ಬೂಷ್ಟು. ವಯಸ್ಸಾದವರು ಹತ್ತುವ ಹಾಗಿದ್ದರೆ ಏಣಿ ಬೇಡ, ಹಿಡಿದುಕೊಳ್ಳಲು ಕಂಬಿ ಇರುವ ಮೆಟ್ಟಿಲೇ ಬೇಕು.

ಗೋಡೆ ಒಡೆಯುವ ಮುನ್ನ

ಹಳೇ ಮನೆಯಲ್ಲಿ ಪಿಲ್ಲರ್ ಇರುವುದಿಲ್ಲ, ಗೋಡೆಯೇ ಮಾಡನ್ನು ಹೊತ್ತಿರುತ್ತದೆ. ಆದ್ದರಿಂದ ಅಡುಗೆಮನೆ, ಊಟದ ಕೋಣೆ ಒಂದು ಮಾಡಲು ಇಡೀ ಗೋಡೆ ಕೆಡವಬೇಡಿ. ಕಿಟಕಿಯಷ್ಟು ಅಗಲ ತೆರೆದು, ಮೇಲೆ ಲಿಂಟಲ್ (ಭಾರ ಹೊರುವ ಅಡ್ಡ ತೊಲೆ) ಕೊಟ್ಟರೆ ಬೆಳಕು, ಮಾತು, ತಟ್ಟೆ ಎಲ್ಲವೂ ದಾಟುತ್ತವೆ. ಲಿಂಟಲ್ ಎರಡೂ ಬದಿ ಗೋಡೆಯ ಮೇಲೆ ಕನಿಷ್ಠ 6 ಇಂಚು ಕೂರಬೇಕು. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಸಬೇಡಿ, ಒಳಗಿನ ತೇವ ಹೊರಬರಲಾಗದೆ ಗೋಡೆಯೇ ಕೆಡುತ್ತದೆ. ಸುಣ್ಣದ ಗಾರೆ ಒಳ್ಳೆಯದು.

ಮನೆತನದ ಮೂಲ ಮನೆಯಾದ ಐನ್‌ಮನೆಯ ವಿಷಯ ಬೇರೆ. ಅದು ಇಡೀ ಒಕ್ಕದ್ದು, ಅಂದರೆ ಆ ಮನೆತನದವರೆಲ್ಲರದ್ದು. ಕೈಯಾಲೆಗಾಗಲಿ (ಮುಂದಿನ ಜಗಲಿ), ನೆಲ್ಲಕ್ಕಿ ನಡುಬಾಡೆಗಾಗಲಿ (ದೀಪವಿಡುವ ನಡುಮನೆ) ಒಂದು ಮೊಳೆ ಹೊಡೆಯುವುದಿದ್ದರೂ ಒಕ್ಕದವರನ್ನು ಕೇಳಿಯೇ ಹೊಡೆಯಬೇಕು.

ಕಪಾಟು, ಜಗಲಿ

ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ನಮ್ಮ ಹವೆಗೆ ಆಗಿಬರುವುದಿಲ್ಲ, ತೇವಕ್ಕೆ ಊದಿಕೊಳ್ಳುತ್ತವೆ. ಐಎಸ್ 710 (ಭಾರತೀಯ ಮಾನಕ) ಗುರುತಿನ, ನೀರು ತಡೆಯುವ ಮರೈನ್ ಪ್ಲೈವುಡ್ ತಗೊಳ್ಳಿ. ದುಡ್ಡು ಜಾಸ್ತಿ, ಆದರೆ ಬಾಳಿಕೆ ಬರುತ್ತದೆ. ಕಪಾಟನ್ನು ಒಳಗೋಡೆಗೆ ಇಡಿ. ಮಳೆ ಬಡಿಯುವ ಪಡುವಣ ಗೋಡೆಗೇ ಇಡಬೇಕಾದರೆ ಎರಡು ಇಂಚು ಸಂದು ಬಿಟ್ಟು, ಕಾಲು ಕೊಟ್ಟು ನೆಲದಿಂದ ಎತ್ತರಿಸಿ.

ಜಗಲಿಗೆ ಪೂರ್ತಿ ಗಾಜು ಹಾಕಿ ರೂಮು ಮಾಡುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ತೋಟದಿಂದ ಬಂದವರು ಕಾಲಿನ ಜಿಗಣೆ ಬಿಡಿಸಿ, ಗಂಬೂಟು ಕಳಚುವುದು ಅಲ್ಲೇ ಅಲ್ವಾ? ಒಂದು ಮೂಲೆಯನ್ನಾದರೂ ಅದಕ್ಕೇ ಬಿಡಿ. ಗೂಟ, ಬೂಟಿನ ಹಲಗೆ, ಕೆಳಗೆ ನೀರು ಹೋಗುವ ಓಟೆ ಇರಲಿ. ಉಳಿದ ಭಾಗಕ್ಕೆ ಬೆಂಚು ಹಾಕಿಸಿ, ಅದರ ಕೆಳಗೇ ಪೆಟ್ಟಿಗೆ ಮಾಡಿಸಿ.

ಕೆಲಸ ಯಾವಾಗ?

ಕಾಫಿ ಕುಯ್ಲಿನಲ್ಲಿ ಜನ ಸಿಗುವುದು ಕಷ್ಟ. ಆದ್ದರಿಂದ ಮೇಸ್ತ್ರಿಗೂ ಬಡಗಿಗೂ ನವೆಂಬರ್‌ನಲ್ಲೇ ಹೇಳಿಡಿ, ಕುಯ್ಲು ಮುಗಿದೊಡನೆ ಕೆಲಸ ಶುರು ಮಾಡಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ, ಹಾಗಾಗಿ ಇಡೀ ಮಾಡಿನ ಹೆಂಚು ಒಮ್ಮೆಲೇ ಇಳಿಸಬೇಡಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ, ಟಾರ್ಪಾಲು ಕೈಗೆಟುಕುವಲ್ಲೇ ಇರಲಿ. ಗೋಡೆ ಮುಟ್ಟುವ ಕೆಲಸಕ್ಕೆ ಅನುಮತಿ ಬೇಕೇ ಎಂದು ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಮೊದಲೇ ಕೇಳಿಕೊಳ್ಳಿ. ವೈರಿಂಗ್ ಹಳೆಯದಾಗಿದ್ದರೆ ಬಣ್ಣ ಬಳಿಯುವ ಮುಂಚೆ ಬದಲಿಸಿ. ಮೇ ಮಧ್ಯದೊಳಗೆ ಮಾಡಿನ ಕೆಲಸ ಮುಗಿದಿರಬೇಕು.