ಎಂಬತ್ತು ಮಕ್ಕಳ ಫಿಸಿಕ್ಸ್ ಕ್ಲಾಸಿನಲ್ಲಿ ಒಂದು ಪ್ರಶ್ನೆ, ನಾಲ್ಕು ಉತ್ತರ

ತಾಲ್ಲೂಕು ಊರಿನ ಪಿಯು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಹೇಳಿಕೊಡುತ್ತೇನೆ. ಒಂದು ಸೆಕ್ಷನ್ನಿನಲ್ಲಿ ಎಂಬತ್ತರ ಹತ್ತಿರ ಮಕ್ಕಳು. ಉದ್ದನೆಯ ಬೆಂಚು, ಬೆಂಚಿಗೆ ನಾಲ್ಕು ಜನ, ಅತ್ತಿತ್ತ ಸರಿಸಲು ಜಾಗವಿಲ್ಲ. ತರಬೇತಿಗಳಲ್ಲಿ ‘ಚಟುವಟಿಕೆ ಮಾಡಿಸಿ’ ಎಂದಾಗ ನಮ್ಮಲ್ಲಿ ಜಾಸ್ತಿ ಜನ ತಲೆಯಾಡಿಸಿ ಟೀ ಕುಡಿಯಲು ಎದ್ದು ಹೋಗುತ್ತೇವೆ. ಗುಂಪು ಮಾಡಿ, ಚಾರ್ಟ್ ಬರೆಸಿ, ಮುಂದೆ ಕರೆದು ಮಾತಾಡಿಸುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಪೋರ್ಷನ್ ಇದ್ದಲ್ಲೇ ಇರುತ್ತದೆ.

ನನ್ನ ಕ್ಲಾಸಿನಲ್ಲಿ ಇಷ್ಟೆಲ್ಲ ಸಾಮಾನು ಇಲ್ಲ. ಬೋರ್ಡಿನ ಮೇಲೆ ಒಂದು ಪ್ರಶ್ನೆ, ಅದಕ್ಕೆ ನಾಲ್ಕು ಉತ್ತರ. ಮಕ್ಕಳ ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ. ಒಂದೊಂದು ಕಾಲುಭಾಗಕ್ಕೆ ಒಂದೊಂದು ಬಣ್ಣ ಬಳಿದು ಎ, ಬಿ, ಸಿ, ಡಿ ಎಂದು ದೊಡ್ಡದಾಗಿ ಬರೆದಿರುತ್ತಾರೆ.

ಈ ದಾರಿ ಹಾಕಿದವರು ಹಾರ್ವರ್ಡಿನ ಎರಿಕ್ ಮಜೂರ್. ಫಿಸಿಕ್ಸ್ ಪ್ರೊಫೆಸರ್. ಅವರ ಮಕ್ಕಳು ಕಷ್ಟದ ಲೆಕ್ಕಗಳನ್ನೆಲ್ಲ ಬಿಡಿಸುತ್ತಿದ್ದರು. ಆದರೆ ಬಲ, ವೇಗ ಇಂಥ ಸರಳ ವಿಷಯದ ಮೇಲೆ, ಲೆಕ್ಕವೇ ಇಲ್ಲದ ಒಂದು ಟೆಸ್ಟ್ ಕೊಟ್ಟಾಗ ತಡಬಡಾಯಿಸಿದರು. ಒಬ್ಬ ವಿದ್ಯಾರ್ಥಿ ಅವರನ್ನೇ ಕೇಳಿದ್ದುಂಟು: ಇದಕ್ಕೆ ನೀವು ಪಾಠ ಮಾಡಿದ ಹಾಗೆ ಉತ್ತರ ಬರೆಯಬೇಕೋ, ನಮಗೆ ಅನ್ನಿಸಿದ ಹಾಗೋ? ನಮ್ಮ ಮಕ್ಕಳು ಬಾಯಿಬಿಟ್ಟು ಹೀಗೆ ಕೇಳುವುದಿಲ್ಲ, ಅಷ್ಟೇ. ಅವರ ತಲೆಯಲ್ಲೂ ಎರಡು ಫಿಸಿಕ್ಸ್ ಇರುತ್ತದೆ, ಒಂದು ಪರೀಕ್ಷೆಗೆ, ಒಂದು ಮನೆಗೆ. ಮಜೂರ್ 1991ರಲ್ಲಿ ಲೆಕ್ಚರನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ನಡುವೆ ಪ್ರಶ್ನೆ ಇಟ್ಟು, ಮಕ್ಕಳೇ ಪಕ್ಕದವರಿಗೆ ವಿವರಿಸುವಂತೆ ಮಾಡಲು ಶುರುಮಾಡಿದರು.

ನನ್ನ ಕ್ಲಾಸಿನಲ್ಲಿ ಅದು ನಡೆಯುವುದು ಹೀಗೆ. ಹತ್ತು ಹದಿನೈದು ನಿಮಿಷ ಪಾಠ. ಆಮೇಲೆ ಬೋರ್ಡಿನ ಮೇಲೆ ಪ್ರಶ್ನೆ: ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೀರಿ, ತುತ್ತತುದಿ ಮುಟ್ಟಿದ ಕ್ಷಣದಲ್ಲಿ ಅದರ ಆಕ್ಸಿಲರೇಶನ್ (ವೇಗ ಬದಲಾಗುವ ದರ) ಎಷ್ಟು? ಒಂದೂವರೆ ನಿಮಿಷ ಯಾರೂ ಮಾತಾಡುವಂತಿಲ್ಲ. ನಾನೂ ಸೇರಿ. ಈ ಒಂದೂವರೆ ನಿಮಿಷ ಮೇಷ್ಟ್ರುಗಳಿಗೆ ಎಷ್ಟು ಕಷ್ಟ ಅಂತ ಮಾಡಿ ನೋಡಿದರೇ ಗೊತ್ತಾಗುವುದು. ಒಂದು ಸುಳಿವು ಕೊಟ್ಟುಬಿಡೋಣ ಅಂತ ನಾಲಿಗೆ ತುದಿಗೆ ಬಂದಿರುತ್ತದೆ.

‘ಎತ್ತಿ’ ಎಂದ ತಕ್ಷಣ ಎಲ್ಲರೂ ಒಟ್ಟಿಗೆ ಕಾರ್ಡನ್ನು ಎದೆಗೆ ಹಿಡಿಯಬೇಕು. ತಲೆ ಮೇಲೆ ಎತ್ತುವಂತಿಲ್ಲ, ಹಿಂದಿನವರು ನೋಡಿ ಬದಲಾಯಿಸುತ್ತಾರೆ. ನಾನು ಎಣಿಸುತ್ತಾ ಕೂರುವುದಿಲ್ಲ, ಬಣ್ಣ ನೋಡಿದರೆ ಸಾಕು. ಸರಿ ಉತ್ತರದ ಬಣ್ಣ ಮುಕ್ಕಾಲು ಕ್ಲಾಸು ತುಂಬಿದ್ದರೆ ಎರಡು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಅರ್ಧಕ್ಕೆ ಆಚೆ ಈಚೆ ಇದ್ದರೆ ಅದೇ ಚಿನ್ನ. ಯಾವುದು ಸರಿ, ಎಷ್ಟು ಜನ ಏನು ಎತ್ತಿದ್ದಾರೆ, ಎರಡನ್ನೂ ಹೇಳದೆ, ‘ಬೇರೆ ಬಣ್ಣ ಎತ್ತಿದವರನ್ನು ಹುಡುಕಿ ಒಪ್ಪಿಸಿ’ ಎನ್ನುತ್ತೇನೆ. ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗುತ್ತಾರೆ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಕೂರುವ ಊರು ನಮ್ಮದು. ಮಧ್ಯದ ದಾರಿ ದಾಟಿ ಮಾತಾಡಿ ಅಂತ ನಾನು ಹಟ ಮಾಡುವುದಿಲ್ಲ. ಹಿಂದೆ ಮುಂದೆ ತಿರುಗಿದರೇ ಬೇಕಾದಷ್ಟು ಜಗಳ ಸಿಗುತ್ತದೆ.

ಚೆಂಡಿನ ಪ್ರಶ್ನೆಗೆ ಪ್ರತಿ ವರ್ಷ ದೊಡ್ಡ ಗುಂಪು ‘ಸೊನ್ನೆ’ ಅನ್ನುವ ತಪ್ಪು ಉತ್ತರ ಎತ್ತುತ್ತದೆ. ಆಮೇಲೆ ಬೆಂಚುಗಳ ನಡುವೆ ಓಡಾಡಿದರೆ ಕಿವಿಗೆ ಬೀಳುವುದು ಇಂಥ ಮಾತು:

“ಮೇಲೆ ಹೋಗಿ ನಿಂತೇ ಬಿಡ್ತಲ್ಲೋ, ಇನ್ನೆಲ್ಲಿ ಆಕ್ಸಿಲರೇಶನ್?”

“ನಿಂತೇ ಬಿಟ್ಟಿದ್ರೆ ಅಲ್ಲೇ ಇರ್ಬೇಕಿತ್ತು ಕಣೋ. ವಾಪಸ್ ಯಾಕೆ ಬರುತ್ತೆ?”

ಈ ಎರಡನೇ ಸಾಲನ್ನು ನಾನು ಹೇಳಿದ್ದರೆ ಅದು ಇನ್ನೊಂದು ನೋಟ್ಸ್ ಆಗುತ್ತಿತ್ತು. ಪಕ್ಕದವನು ಹೇಳಿದ್ದರಿಂದ ‘ಸೊನ್ನೆ’ ಎತ್ತಿದವನು ತಿರುಗಿ ವಾದಿಸಿದ, ಸೋತ, ಒಪ್ಪಿಕೊಂಡ. ಈಗಷ್ಟೇ ಅರ್ಥ ಮಾಡಿಕೊಂಡ ಹುಡುಗನಿಗೆ ಎಲ್ಲಿ ಎಡವುತ್ತೇವೆ ಅನ್ನುವುದು ಇನ್ನೂ ನೆನಪಿರುತ್ತದೆ. ನಮಗೆ ಅದು ಮರೆತು ವರ್ಷಗಳಾಗಿರುತ್ತವೆ. ಮತ್ತೆ ಕಾರ್ಡು ಎತ್ತಿಸಿದಾಗ ಬಣ್ಣ ಬದಲಾಗಿರುತ್ತದೆ. ಕೊನೆಗೆ ಎರಡು ಸಾಲು ಕಾರಣ ಬರೆಸುತ್ತೇನೆ. ವಾದ ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಸೈನ್ಸ್ ತೆಗೆದುಕೊಂಡ ಕೂಡಲೇ ಬಾಯಿ ಹೊಲಿದುಕೊಂಡು ಕೂರುತ್ತಾರಲ್ಲ, ಅವರ ದನಿ ಕೇಳಿಸುವುದು ಈ ನಾಲ್ಕೈದು ನಿಮಿಷದಲ್ಲೇ.

ಸರಿ ಬಣ್ಣ ತೀರಾ ಕಡಿಮೆ ಇದ್ದರೆ ಮಾತ್ರ ಚರ್ಚೆಗೆ ಬಿಡಬಾರದು. ಲಾರಿ ಮತ್ತು ಸ್ಕೂಟರ್ ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಜಾಸ್ತಿ ಬಲ ಹಾಕುತ್ತದೆ ಅಂತ ಕೇಳಿ ನೋಡಿ. ಇಡೀ ಕ್ಲಾಸು ಲಾರಿ ಪರ. “ಮೇಡಂ, ಚಿಂದಿಯಾಗೋದು ಸ್ಕೂಟರ್ ತಾನೇ?” ಇಂಥ ಹೊತ್ತಲ್ಲಿ ಮಾತಾಡಲು ಬಿಟ್ಟರೆ ಸರಿ ಎತ್ತಿದ ನಾಲ್ಕು ಮಕ್ಕಳೂ ಆ ಕಡೆ ವಾಲುತ್ತಾರೆ. ಆಗ ಲ್ಯಾಬಿನಿಂದ ಎರಡು ಸ್ಪ್ರಿಂಗ್ ಬ್ಯಾಲೆನ್ಸ್ ತರಿಸುತ್ತೇನೆ. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಒಬ್ಬ ದಪ್ಪ ಹುಡುಗ, ಒಬ್ಬ ಸಣ್ಣ ಹುಡುಗ ಎಳೆಯುತ್ತಾರೆ. ಯಾರು ಹೇಗೆ ಎಳೆದರೂ ಎರಡೂ ಮುಳ್ಳು ಒಂದೇ ಅಂಕಿ ತೋರಿಸುತ್ತವೆ. ಬಲ ಸಮ, ಆದರೆ ಸ್ಕೂಟರಿನ ಮಾಸ್ ಕಡಿಮೆ, ಹಾಗಾಗಿ ಅದರ ಆಕ್ಸಿಲರೇಶನ್ ಜಾಸ್ತಿ ಅನ್ನುವುದು ಆಮೇಲೆ ಅವರ ಬಾಯಿಂದಲೇ ಬರುತ್ತದೆ.

ಪ್ರಯೋಗ ತೋರಿಸುವುದಕ್ಕೆ ಮುಂಚೆ ಏನಾಗಬಹುದು ಅಂತ ಊಹೆ ಬರೆಸಲೇಬೇಕು. ಮಜೂರ್ ಅವರ ತಂಡವೇ ಇದನ್ನು ಪರೀಕ್ಷೆ ಮಾಡಿ 2004ರಲ್ಲಿ ಬರೆದಿದೆ. ಊಹೆ ಕೇಳದೆ ಸುಮ್ನೆ ಪ್ರಯೋಗ ತೋರಿಸಿದರೆ, ನೋಡಿದವರಿಗೂ ನೋಡದವರಿಗೂ ತಿಳಿವಳಿಕೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಸೆಕೆಂಡ್ ಪಿಯುಸಿಗೆ ನಾನು ಇಟ್ಟುಕೊಂಡಿರುವುದು ಹಳೆಯ ಫಿಲಮೆಂಟ್ ಬಲ್ಬಿನ ಹಲಗೆ. 40 ವ್ಯಾಟಿನ ಒಂದು, 100 ವ್ಯಾಟಿನ ಒಂದು, ಒಂದರ ಹಿಂದೆ ಒಂದರಂತೆ ಸೀರೀಸ್‌ನಲ್ಲಿ. ಯಾವುದು ಜಾಸ್ತಿ ಬೆಳಗುತ್ತದೆ? ಮಕ್ಕಳು 100 ಎಂದು ಬರೆದು, ವಾದ ಮಾಡಿ, ಪಣ ಕಟ್ಟಿ ಕೂತಿರುತ್ತಾರೆ. ಸ್ವಿಚ್ ಹಾಕಿದರೆ 40ರದ್ದು ಚೆನ್ನಾಗಿ ಉರಿಯುತ್ತದೆ, 100ರದ್ದು ಹೆಸರಿಗಷ್ಟೇ. ಅವತ್ತು ರೆಸಿಸ್ಟೆನ್ಸಿಗೆ ‘ವಿ ಸ್ಕ್ವೇರ್ ಬೈ ಪಿ’ (ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸುವ) ಲೆಕ್ಕ ಮಾಡಿ ಅಂತ ಯಾರೂ ಹೇಳಬೇಕಾಗಿಲ್ಲ. 230 ವೋಲ್ಟಿಗೆ 40ರ ಬಲ್ಬಿನ ರೆಸಿಸ್ಟೆನ್ಸ್ ಸುಮಾರು 1322 ಓಮ್, 100ರದ್ದು 529. ಕರೆಂಟ್ ಎರಡಕ್ಕೂ ಒಂದೇ. ಹಾಗಾದರೆ ಯಾರಿಗೆ ಜಾಸ್ತಿ?

ನಿಜವಾದ ಕೆಲಸ ಇರುವುದು ಪ್ರಶ್ನೆ ಹುಡುಕುವುದರಲ್ಲಿ. ಕಾರ್ಡಿನ ಬದಲು ಮೊಬೈಲ್ ಆ್ಯಪ್ ಬಳಸಿ, ರಿಮೋಟ್ ಬಳಸಿ, ವ್ಯತ್ಯಾಸವಿಲ್ಲ. ಪ್ರಶ್ನೆ ಸಪ್ಪೆಯಾಗಿದ್ದರೆ ಚರ್ಚೆಯೂ ಸಪ್ಪೆ. ಸೂತ್ರ ನೆನಪಿದ್ದರೆ ಸಾಕು ಅನ್ನುವ ಪ್ರಶ್ನೆಗೆ ಮಾತಾಡಲು ಏನಿದೆ? ನನ್ನ ತಪ್ಪು ಉತ್ತರಗಳೆಲ್ಲ ಟೆಸ್ಟ್ ಪೇಪರಿನಿಂದ ಬಂದವು. ತಿದ್ದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ತಪ್ಪಾದರೂ ಒಂದು ಯೋಚನೆ ಇರುವ ಉತ್ತರ ಕಂಡರೆ ಬರೆದಿಡುತ್ತೇನೆ. ಮುಂದಿನ ವರ್ಷ ಅದೇ ಬಿ ಅಥವಾ ಸಿ.

ಪೋರ್ಷನ್ ಮಾತು ಬಂದೇ ಬರುತ್ತದೆ. ಬೋರ್ಡ್ ಪರೀಕ್ಷೆಗೆ ಐದು ಅಂಕದ ಡೆರಿವೇಶನ್ ಬಿಡಲಾಗದು, ಒಪ್ಪುತ್ತೇನೆ. ಆದರೆ ಪುಸ್ತಕದಲ್ಲೇ ಇರುವುದನ್ನು ಬೋರ್ಡಿಗೆ ಇಳಿಸಿ, ಅಲ್ಲಿಂದ ಅವರ ನೋಟ್ಸಿಗೆ ಇಳಿಸಲು ಒಂದು ಪೀರಿಯಡ್ ಯಾಕೆ? ಲೆನ್ಸ್ ಮೇಕರ್ಸ್ ಫಾರ್ಮುಲಾದ ಹಂತಗಳನ್ನು ಚೀಟಿ ಮಾಡಿ, ಕಲಸಿ, ಬೆಂಚಿಗೊಂದು ಸೆಟ್ ಕೊಡುತ್ತೇನೆ. ಕ್ರಮದಲ್ಲಿ ಜೋಡಿಸಬೇಕು, ಪ್ರತಿ ಹಂತಕ್ಕೂ ಕಾರಣ ಹೇಳಬೇಕು. ಸಮಯ ಉಳಿಯುವುದು ಇಲ್ಲಿ.

ಮೊದಲ ತಿಂಗಳು ದೂರು ಇದ್ದೇ ಇರುತ್ತದೆ. ‘ಮೇಡಂ ಪಾಠಾನೇ ಮಾಡಲ್ಲ, ನಮ್ಮನ್ನೇ ಮಾತಾಡಿಸ್ತಾರೆ.’ ಹಾರ್ವರ್ಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಹೇಳುತ್ತದೆ. ಇಂಥ ಕ್ಲಾಸಿನ ಮಕ್ಕಳು ಕಲಿತದ್ದು ಜಾಸ್ತಿ, ಆದರೆ ಅವರಿಗೆ ಅನ್ನಿಸಿದ್ದು ಕಡಿಮೆ ಕಲಿತೆವು ಅಂತ. ಚೆನ್ನಾಗಿ ಮಾತಾಡುವವರ ಲೆಕ್ಚರ್ ಕೇಳಿದರೆ ಎಲ್ಲ ಅರ್ಥವಾದ ಹಾಗೇ ಅನ್ನಿಸುತ್ತದೆ, ಅಲ್ವಾ? ಜೂನ್‌ನಲ್ಲೇ ಮಕ್ಕಳಿಗೆ ಈ ವಿಷಯ ಹೇಳಿಬಿಡುತ್ತೇನೆ. ಸಹೋದ್ಯೋಗಿಗಳು ಕೇಳಿದರೆ 2014ರ ಲೆಕ್ಕ ಹೇಳುತ್ತೇನೆ. ಕಾಲೇಜು ಮಟ್ಟದ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕ್ಲಾಸುಗಳ 225 ಅಧ್ಯಯನ ಸೇರಿಸಿ ನೋಡಿದಾಗ, ಬರೀ ಲೆಕ್ಚರ್ ಇದ್ದಲ್ಲಿ ಸರಾಸರಿ ಶೇ 33.8 ಮಂದಿ ಫೇಲ್, ಮಕ್ಕಳನ್ನು ತೊಡಗಿಸಿದ ಕಡೆ ಶೇ 21.8. ಮಕ್ಕಳಿಗೆ ಮಾತ್ರ ಈ ಅಂಕಿ ಬೇಕಾಗಿಲ್ಲ. ಸಿಇಟಿಯಲ್ಲಿ ಇರುವುದೂ ನಾಲ್ಕು ಉತ್ತರವೇ ಎಂದರೆ ಕಾರ್ಡು ತಾನಾಗಿ ಚೀಲದಿಂದ ಹೊರಗೆ ಬರುತ್ತದೆ.

ಡಿಸೆಂಬರ್ ಹೊತ್ತಿಗೆ ಪ್ರಶ್ನೆಗಳನ್ನು ಅವರೇ ತರಬೇಕು. ಷರತ್ತು ಒಂದೇ: ತಪ್ಪು ಉತ್ತರಕ್ಕೆ ಒಬ್ಬ ಜಾಣ ಗೆಳೆಯನಾದರೂ ಬೀಳಬೇಕು. ಕಳೆದ ಸಲ ಒಬ್ಬಳು ಆ ಸ್ಪ್ರಿಂಗ್ ಬ್ಯಾಲೆನ್ಸನ್ನೇ ಹಿಡಿದು ಬಂದಳು. ಒಂದೇ ಬ್ಯಾಲೆನ್ಸ್, ಎರಡೂ ತುದಿಯಿಂದ 10 ನ್ಯೂಟನ್ ಎಳೆತ, ಮುಳ್ಳು ಎಷ್ಟು ತೋರಿಸುತ್ತದೆ? ಸೊನ್ನೆ, 5, 10, 20. ನಾಲ್ಕು ಬಣ್ಣವೂ ಎದ್ದವು. ವಾದ ಎಲ್ಲೂ ಮುಟ್ಟದೆ ಸುತ್ತುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ, “ಒಂದು ತುದೀನ ಗೋಡೆ ಮೊಳೆಗೆ ಕಟ್ಟಿದ್ರೆ?” ಅಂದ. ಮೊಳೆಗೆ ಕಟ್ಟಿ 10 ನ್ಯೂಟನ್ ಎಳೆದರೆ 10 ತೋರಿಸುತ್ತದೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಹಾಗಾದರೆ ಆ ಮೊಳೆ ಎಷ್ಟು ಎಳೆಯುತ್ತಿದೆ ಅಂತ ಅವನೇ ಕೇಳಿದ. ಎರಡನೇ ಸಲ ಕಾರ್ಡು ಎತ್ತಿಸಿದಾಗ ಹೆಚ್ಚುಕಮ್ಮಿ ಎಲ್ಲ ಸಿ.