ಮೆಣಸಿನ ಎಲಿ ಮೇಲಕ್ಕ ಮುದುಡೇತೋ, ಕೆಳಕ್ಕೋ? ಮೊದಲು ನೋಡ್ರಿ

ಹುಕ್ಕೇರಿ, ಸಂಕೇಶ್ವರ ಕಡೆಯವರು ಮುಟುರು ಬಿದ್ದ, ಅಂದ್ರ ಎಲಿ ಮುದುಡಿದ ಮೆಣಸಿನ ಗಿಡದ ಫೋಟೋ ಭಾಳ ಹಾಕಾಕತ್ತೀರಿ. ಎಣ್ಣಿ (ಹೊಡಿಯೂ ಔಷಧ) ತರಾಕ ಅಂಗಡಿಗೆ ಹೋಗೂ ಮುಂಚೆ ಎಲಿ ತಿರುವಿ ನೋಡ್ರಿ.

ಅಂಚು ಮೇಲಕ್ಕ ಎದ್ದು ದೋಣಿ ಹಂಗ ಆಗಿದ್ರ ಥ್ರಿಪ್ಸ್, ಅಂದ್ರ ರಸ ಹೀರೂ ಸಣ್ಣ ಹುಳ. ಎಲಿ ಕೆಳಕ್ಕ ಮಡಚಿ, ದೇಟು ಉದ್ದ ಆಗಿದ್ರ ಮೈಟ್ ನುಸಿ. ಮೈಟ್ ಜೇಡದ ಬಳಗದ್ದು, ಅದಕ್ಕ ಇಮಿಡಾಕ್ಲೋಪ್ರಿಡ್ ಅನ್ನೂ ಕೀಟನಾಶಕ ನಾಟೂದಿಲ್ಲ. ರೊಕ್ಕಾನೂ ಹೋಗ್ತದ, ನುಸಿ ತಿನ್ನೂ ಒಳ್ಳೆ ಹುಳಾನೂ ಸಾಯ್ತಾವ. ಇದನ್ನ ನೋಡಿದ್ರ ನನಗ ಭಾಳ ಸಂಕಟ ಆಗ್ತದ.

ಮೈಟಿಗೆ ನೀರಿನಾಗ ಬೆರೆಯೂ ಗಂಧಕದ ಪುಡಿ, ಲೀಟರಿಗೆ 3 ಗ್ರಾಂ, ಎಲಿ ಬೆನ್ನಿಗೆ ತಾಗೂ ಹಂಗ ಸಂಜಿ ಹೊತ್ತು ಹೊಡೀರಿ. ಸುಡೂ ಬಿಸಿಲಾಗ ಹೊಡದ್ರ ಎಲಿ ಸುಡ್ತದ. ಬೇವಿನ ಎಣ್ಣಿ ಹೊಡೆದು ಎರಡು ವಾರ ಆಗೂತನಕ ಗಂಧಕ ಮುಟ್ಟಬ್ಯಾಡ್ರಿ. ಥ್ರಿಪ್ಸ್ ಈಗಷ್ಟೇ ಶುರು ಆಗಿದ್ರ ಶೇ 5ರ ಬೇವಿನ ಬೀಜದ ಕಷಾಯ ಹೊಡೀರಿ, ನೀಲಿ ಅಂಟು ಹಾಳೆನೂ ಕಟ್ರಿ.

ಎಲಿ ಸಣ್ಣಾಗಿ, ಗೊಂಚಲಾಗಿ, ಗಿಡ ಗಿಡ್ಡ ಉಳಿದು, ಬಿಳಿ ನೊಣನೂ ಕಂಡ್ರ ಅದು ವೈರಸ್ ಇರಬಹುದು. ಅದಕ್ಕ ಔಷಧ ಇಲ್ಲ. ಗಿಡ ಕಿತ್ತು ಹೂಳ್ರಿ, ಕರುಣೆ ತೋರಿಸಿದ್ರ ಪಕ್ಕದ ಸಾಲಿಗೂ ಹಬ್ಬತದ.

ಎರಿ ಹೊಲದಾಗ ನೀರು ನಿಂತ್ರೂ ಎಲಿ ಹಳದಿ ಆಗಿ ಉದುರ್ತಾವ. ಅಲ್ಲಿ ಎಣ್ಣಿ ಬ್ಯಾಡ, ಬಸಿಗಾಲುವೆ ತೆಗೀರಿ.

ಮುಂದಿನ ಸಲ ಸಸಿ ಮಡಿಗೆ ನೈಲಾನ್ ಪರದೆ ಕಟ್ರಿ, ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ ಮೊದಲೇ ಬಿತ್ರಿ.